ಯುರಿಸ್‌ನ ಮಣ್ಣಿಗೆ ಟೋರ್ಗುನ್ ನುಡಿಸಿದ್ದು

ಭಾನುವಾರ, ಬೆಳಗಿನ ಜಾವ. ನಾರ್ವೆಯ ಸ್ಕಾರ್ವನೆಸ್ ದ್ವೀಪದ ಚರ್ಚಿನೊಳಗೆ ಬಾಯಿ ತೆರೆದರೆ ಉಸಿರು ಹೊಗೆಯಾಗುವಷ್ಟು ಚಳಿ. ಅಟ್ಟದ ಮೇಲೆ ಆರ್ಗನ್ನಿನ ಮುಂದೆ ಕೂತ ಟೋರ್ಗುನ್ ಹೆಸ್ಟ್‌ನೆಸ್ ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಬಿಸಿ ಮಾಡಿಕೊಳ್ಳುತ್ತಿದ್ದಾರೆ. ವಾರವಿಡೀ ಕಾರ್ಖಾನೆಯಲ್ಲಿ ಮೀನು ಸೀಳುವ ಕೈಗಳವು. ಉಪ್ಪುನೀರಿಗೆ ಬಿರಿದ ಬೆರಳುಗಳು ಮಣಿಯುವುದಕ್ಕೆ ಹೊತ್ತು ಹಿಡಿಯುತ್ತದೆ. ಕೆಳಗಿನಿಂದ ಚರ್ಚ್ ಮಂಡಳಿಯ ಅಧ್ಯಕ್ಷ ಏವಿಂಡ್ ಕೂಗುತ್ತಾರೆ:

“ಟೋರ್ಗುನ್, ಇವತ್ತು ಜೋರಾಗಿರೋದು ಏನಾದ್ರೂ ನುಡಿಸು. ಬಿಷಪ್ ಬರ್ತಿದಾರೆ. ನಮ್ಮೂರಲ್ಲೂ ಕಲಾವಿದರಿದಾರೆ ಅಂತ ಗೊತ್ತಾಗ್ಲಿ.”

“ಜನ ಹಾಡೋದಕ್ಕೆ ಎಷ್ಟು ಬೇಕೋ ಅಷ್ಟು ನುಡಿಸ್ತೀನಿ. ಮೆರೆಯೋಕೆ ಬೇಕಿದ್ರೆ ಬ್ಯಾಂಡಿನೋರನ್ನ ಕರ್ಸಿಕೋ.”

ಈ ಸಿಟ್ಟು ಇವತ್ತಿನದಲ್ಲ.

ಹುಡುಗಿಯಾಗಿದ್ದಾಗ ಟೋರ್ಗುನ್ ಪಟ್ಟಣದ ಸಂಗೀತ ಶಾಲೆಯಲ್ಲಿ ಕಲಿತವರು. ದೊಡ್ಡ ಸಭಾಂಗಣಗಳಲ್ಲಿ ನುಡಿಸುವ ಯೋಗ್ಯತೆ ಇದೆ ಎಂದು ಗುರುಗಳೇ ಹೇಳಿದ್ದರು. ಊರಿನ ಹಳೆಯ ವಾದಕ ತೀರಿಕೊಂಡು ಆರಾಧನೆ ಮೂಕವಾಗಿದೆ ಎಂದು ತಿಳಿದಾಗ ವಾಪಸು ಬಂದರು. “ಅಲ್ಲಿ ಜನ ನನ್ನ ನೋಡೋಕೆ ಬರ್ತಾರೆ. ಇಲ್ಲಿ ಎಲ್ಲರ ಮುಖ ಆ ಕಡೆ, ದೇವರ ಕಡೆ. ನನಗೆ ಇದೇ ಸರಿ” ಎನ್ನುತ್ತಾರೆ. ಊರಿನವರು ಇದನ್ನು ಸಸಾರವಾಗಿ ತೆಗೆದುಕೊಂಡಿದ್ದಾರೆ. ಮದುವೆಗೆ ನುಡಿಸಲು ಕರೆದವರು ಊಟಕ್ಕೆ ಕರೆಯುವುದನ್ನು ಮರೆಯುತ್ತಾರೆ. ಅದಕ್ಕೆಲ್ಲ ಅವರು ಸಿಟ್ಟಾಗುವುದಿಲ್ಲ. ಸಿಟ್ಟು ಬಂದದ್ದು ಯುರಿಸ್ ಸತ್ತಾಗ.

ಯುರಿಸ್ ಲಾಟ್ವಿಯಾದಿಂದ ಬಂದ ಕೂಲಿಯಾಳು. ಕಾರ್ಖಾನೆಯಲ್ಲಿ ಟೋರ್ಗುನ್ ಎದುರಿಗೇ ನಿಂತು ಮೀನು ಸೀಳುತ್ತಿದ್ದವನು. ಕಳೆದ ಚಳಿಗಾಲದಲ್ಲಿ ಬಾಡಿಗೆ ಕೋಣೆಯಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟ. ದೂರದೂರಿನ ಆಸ್ಪತ್ರೆಯಲ್ಲಿ ಮಲಗಿದ್ದ ತಾಯಿಗೆ ಬರಲಾಗಲಿಲ್ಲ. ಶವಸಂಸ್ಕಾರಕ್ಕೆ ಸಂಗೀತ ಬೇಡವೆಂದು ಏವಿಂಡ್ ತೀರ್ಮಾನಿಸಿದರು.

“ಯಾರೂ ಇಲ್ದೋನು, ನಮ್ಮ ಸಭೆಯೋನೂ ಅಲ್ಲ. ಪಾದ್ರಿ ಎರಡು ಮಾತು ಓದಿ ಮಣ್ಣು ಮಾಡ್ಲಿ. ನುಡಿಸಿದ್ರೆ ಕೇಳೋಕೆ ಯಾರಿದಾರೆ ಅಲ್ಲಿ?”

“ನಿನ್ನ ಕಿವಿಗೆ ಅಂತ ನಾನು ಯಾವತ್ತು ನುಡಿಸಿದ್ದೆ, ಏವಿಂಡ್?”

ಏವಿಂಡ್ ಅಟ್ಟದ ಬಾಗಿಲಿಗೆ ಬೀಗ ಜಡಿದು ಕೀಲಿ ಜೇಬಿಗಿಳಿಸಿಕೊಂಡು ಹೊರಟುಹೋದರು. ಟೋರ್ಗುನ್ ಹಲ್ಲು ಕಚ್ಚಿಕೊಂಡು ಚರ್ಚಿನ ಭಾನುವಾರದ ಮಕ್ಕಳ ಶಾಲೆಗೆ ನುಗ್ಗಿದರು. ಅಲ್ಲಿದ್ದ ಕಾಲಿನಿಂದ ತುಳಿಯುವ ಹಳೆಯ ಹಾರ್ಮೋನಿಯಮ್ಮನ್ನು ಮೀನಿನ ತಳ್ಳುಗಾಡಿಗೆ ಹೇರಿ, ಗುಂಡಿ ತೋಡುವ ಒಡ್ಮುಂಡ್ ಜೊತೆ ಸಮಾಧಿಯವರೆಗೆ ತಳ್ಳಿಕೊಂಡು ಹೋದರು. ಮುಖಕ್ಕೆ ರಪರಪನೆ ಹಿಮ ಹೊಡೆಯುತ್ತಿತ್ತು. ಕೆಲಸದ ನಡುವೆಯೇ ಎದ್ದುಬಂದ ಜೊತೆಗಾರರು ರಬ್ಬರ್ ಬೂಟು, ಬಿಳಿ ಏಪ್ರನ್ನಿನಲ್ಲೇ ಸುತ್ತ ನಿಂತರು. ಸ್ತುತಿಗೀತೆಯ ಮಾತು ಅವರಿಗೆ ಬಾರದು. ಟೋರ್ಗುನ್ ಸ್ವರವನ್ನು ಇಳಿಸಿ, ನಿಧಾನವಾಗಿ, ಎಲ್ಲರೂ ಗುನುಗಬಹುದಾದ ಹಾಗೆ ನುಡಿಸಿದರು. ಸನಿಕೆ ಕೆಳಗಿಟ್ಟು ಒಡ್ಮುಂಡ್ ಹಾಡಿದ.

“ನನ್ನ ದನಿಗೆ ಹೆದರಿ ಸತ್ತೋನು ಎದ್ದು ಓಡ್ಲಿಲ್ಲವಲ್ಲ, ಅದೇ ಪುಣ್ಯ” ಎಂದು ಅವನು ಈಗಲೂ ನಗುತ್ತಾನೆ. ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾನೆ.

ಚರ್ಚಿನ ವಸ್ತುವನ್ನು ಹಿಮದಲ್ಲಿ ನೆನೆಸಿದ್ದಕ್ಕೆ ಮಂಡಳಿ ಟೋರ್ಗುನ್‌ರನ್ನು ನಿಲ್ಲಿಸಿಕೊಂಡು ಛೀಮಾರಿ ಹಾಕಿತು. ಒಬ್ಬ ಮನುಷ್ಯನನ್ನು ಹಾಡಿಲ್ಲದೆ ಹೂಳಲು ಹೊರಟವರಿಗೆ ಮಾತ್ರ ಯಾರೂ ಏನೂ ಅನ್ನಲಿಲ್ಲ. ಟೋರ್ಗುನ್ ಕ್ಷಮೆ ಕೇಳಲಿಲ್ಲ, ನುಡಿಸುವುದನ್ನೂ ಬಿಡಲಿಲ್ಲ. “ಏವಿಂಡ್ ಮೇಲಿನ ಸಿಟ್ಟಿಗೆ ಆರಾಧನೆ ನಿಲ್ಲಿಸೋಕೆ ಇದೇನು ಅವನ ಮನೇದಾ?” ಎನ್ನುತ್ತಾರೆ.

ಹಿಮ ಕರಗಿದ ಮೇಲೆ ಯುರಿಸ್‌ನ ತಾಯಿ ದೋಣಿಯಿಳಿದು ಬಂದರು. ಮಗನ ಸಮಾಧಿಯ ಮುಂದೆ ಮಂಡಿಯೂರಿ ಮಣ್ಣನ್ನು ಸವರಿದರು. ಆಮೇಲೆ ಕಾರ್ಖಾನೆಯ ಲಾಟ್ವಿಯಾ ಹೆಂಗಸೊಬ್ಬಳ ಮೂಲಕ ಒಂದೇ ಮಾತು ಕೇಳಿದರು: “ನನ್ನ ಮಗನಿಗೆ ಹಾಡು ಹೇಳಿದ್ರಾ?”

ಈಗ ಅದನ್ನು ಹೇಳುವಾಗಲೂ ಟೋರ್ಗುನ್ ಕೈಗಳು ಮುಷ್ಟಿಯಾಗುತ್ತವೆ. “ಏವಿಂಡ್ ಮಾತು ಕೇಳಿದ್ದಿದ್ರೆ ಆ ತಾಯಿ ಮುಂದೆ ಏನು ಹೇಳ್ಬೇಕಿತ್ತು ನಾನು? ಹೇಳಿದ್ವಮ್ಮ, ಅಂದೆ. ಸುಳ್ಳು ಹೇಳ್ಬೇಕಾಗಿ ಬರ್ಲಿಲ್ಲ.”