ಒಂದೇ ಒಲೆ ಎಂದವಳು ನಾನು

ಶಾರದಾ, ನಿನಗೆ ಮನೆ ತಪ್ಪಿಸಿದವಳು ನಾನು. ಸರ್ಕಾರವಲ್ಲ, ನಿನ್ನ ಹಣೆಬರಹವಲ್ಲ, ನಿನ್ನ ಓರಗಿತ್ತಿಯೂ ಅಲ್ಲ — ಎದುರು ಮನೆಯ ಈ ಮುದುಕಿ. ನಾನು ಓದಿದ್ದು ನಾಲ್ಕನೇ ಕ್ಲಾಸು, ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಆಗ ನಾನು ಪಂಚಾಯಿತಿ ಮೆಂಬರು. ಮನೆ ಇಲ್ಲದವರ ಪಟ್ಟಿ ಮಾಡಲು ಸರ್ವೆಯವರು ಬಂದಿದ್ದರು. ನೀನು ಉಳವಿ ಕಡೆ ನಾಟಿಗೆ ಹೋಗಿದ್ದೆ. ನಿನ್ನ ಭಾವನ ಮನೆ ಮುಂದೆ ನಿಂತು ಅವರು ನನ್ನನ್ನು ಕೇಳಿದ್ದು ಒಂದೇ ಮಾತು —

"ಈ ಮನೇಲಿ ಎಷ್ಟು ಒಲೆ ರೀ?"

ಒಲೆ ಎಂದರೆ ಸಂಸಾರ. ಒಂದೇ ಸೂರಿನಡಿ ಇದ್ದರೂ ಅಡುಗೆ ಬೇರೆಯಾದರೆ ಎರಡು ಸಂಸಾರ. ಎರಡನೆಯವರಿಗೆ ಸ್ವಂತ ಸೂರಿಲ್ಲ ಎಂದು ಹೆಸರು ಪಟ್ಟಿಗೆ ಏರುತ್ತದೆ. ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ — ಹಿಂದಿನ ದಿನವೇ ಮೆಂಬರುಗಳನ್ನೆಲ್ಲ ಕೂರಿಸಿ ಹೇಳಿದ್ದರು. ಹಿತ್ತಲಲ್ಲಿ, ನೀನೂ ಮಗಳೂ ಇದ್ದ ತಗಡಿನ ಮಾಡಿನಿಂದ, ಹೊಗೆ ಏಳುತ್ತಿತ್ತು. ಅಷ್ಟು ಚಿಕ್ಕ ಹುಡುಗಿ ಗಂಜಿಗೆ ಇಟ್ಟಿದ್ದಳು. ನೋಡಿದೆ. ನೋಡಿಯೂ —

"ಒಂದೇ ಒಲೆ ರೀ, ಬರ್ಕೊಳ್ರಿ. ನಮ್ ಕೇರೀಲಿ ಯಾರೂ ಬೇರೆ ಆಗಿಲ್ಲ."

ಯಾಕೆ ಅಂದೆ? ನಿನ್ನ ಗಂಡ ಹೋದ ಮೇಲೆ ನಿನಗೂ ಓರಗಿತ್ತಿಗೂ ಜಗಳವಾದಾಗ ನ್ಯಾಯ ಹೇಳಿ ಕೂಡಿಸಿದವಳು ನಾನು. ಆ ದೀಪಾವಳಿಗೆ ಇಬ್ಬರನ್ನೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂರಿಸಿ, ಊರೆಲ್ಲ ಹೇಳಿಕೊಂಡು ಬಂದಿದ್ದೆ. ನಿಮ್ಮ ಒಗ್ಗಟ್ಟು ಎಂಟು ದಿನವೂ ಬಾಳಲಿಲ್ಲ. ನನ್ನ ಜಂಬ ಬಾಳಿತು. ಎರಡು ಒಲೆ ಅಂದರೆ ನಾನು ಸೋತೆ ಎಂದು ನಾನೇ ಬರೆಸಿದ ಹಾಗೆ. ಇಷ್ಟೇ. ಇಷ್ಟಕ್ಕೆ ಒಂದು ಹೆಂಗಸಿನ ಮನೆ ಹೋಯಿತು. ಥೂ.

ಪಟ್ಟಿ ಬಂದಾಗ ನೀನು ಓಡಿ ಬಂದದ್ದೂ ನನ್ನ ಬಳಿಗೇ.

"ದೊಡ್ಡಮ್ಮ, ನನ್ ಹೆಸ್ರು ಯಾರು ಬಿಟ್ರು ಅಂತ ಕೇಳಿ ಹೇಳ್ತೀರಾ?"

"ಕಂಪ್ಯೂಟರ್ ಬಿಟ್ಟಿರತ್ತೆ ಕಣೆ. ಅದುಕ್ಕೇನು ಕಣ್ಣಾ, ಮೂಗಾ?"

ನೀನು ನಕ್ಕೆ ಬೇರೆ.

ಮೆಂಬರಿಕೆ ಮುಗಿದ ಮೇಲೂ ನನ್ನ ಓಡಾಟ ನಿಲ್ಲಲಿಲ್ಲ. ಊರವರ ಮನೆ ಅರ್ಜಿ ಹಿಡಿದು ಸೊರಬದ ಆಫೀಸಿಗೆ. ಶಿಕಾರಿಪುರದ ಮಗಳ ಮನೆಗೆ ಹೋದರೆ ಅಲ್ಲಿಯೂ, ಅವಳ ಬೀದಿಯ ಹೊಲಿಗೆಯ ಮೆಹರುನ್ನಿಸಾಳ ಕಾಗದ ಹಿಡಿದು. ಒಂದು ಕೊಟ್ಟರೆ ಇನ್ನೊಂದು ಬೇಕು. ಆಧಾರಿನಲ್ಲಿ ಲಕ್ಷ್ಮವ್ವ, ರೇಷನ್ ಕಾರ್ಡಿನಲ್ಲಿ ಲಕ್ಷ್ಮಮ್ಮ — ಒಬ್ಬ ಹೆಂಗಸು ಇಬ್ಬರಾಗಿಬಿಡುತ್ತಾಳೆ. ಅದಕ್ಕೆ ಎಲ್ಲರ ಹತ್ತಿರ ಜಗಳ ಆಡುತ್ತೇನೆ. ಆಡುವಾಗಲೆಲ್ಲ ನೆನಪಾಗುತ್ತದೆ — ಬೇರೆ ಉಣ್ಣುವ ಇಬ್ಬರನ್ನು ಒಂದು ಮಾಡಿದವಳು ನಾನೇ ಅಲ್ಲವೇ. ಜನ ನನ್ನನ್ನು "ಮನೆ ಅಜ್ಜಿ" ಎನ್ನುತ್ತಾರೆ. ಕೇಳಿದರೆ ಮೈ ಉರಿಯುತ್ತದೆ. ಎಷ್ಟು ಮನೆ ಕೊಡಿಸಿದರೂ ನಿನ್ನದಕ್ಕೆ ಸಮ ಆಗಲಿಲ್ಲ.

ಹೋದ ವರ್ಷ ನಿನ್ನ ಮಗಳನ್ನು ನೋಡಲು ಬಂದರಲ್ಲ. ತಗಡಿನ ಮಾಡಿನಲ್ಲಿ ಹೇಗೆ ಕೂರಿಸಲಿ ಎಂದು ನೀನು ನನ್ನ ಜಗಲಿ ಕೇಳಿದೆ, ಕೊಟ್ಟೆ. ಗಂಡಿನ ತಾಯಿ ಗೋಡೆಯೆಲ್ಲ ನೋಡಿ, "ಇದೇನಾ ನಿಮ್ಮನೆ?" ಅಂದಳು. ಹೂಂ ಎಂದುಬಿಡೇ ಎಂದು ನಾನು ಒಳಗೇ ಬೇಡಿಕೊಂಡೆ.

"ಅಲ್ಲ ರೀ. ಇದು ದೊಡ್ಡಮ್ಮಂದು. ನಮ್ದು ಆ ಮನೆ ಹಿಂದಿನ ಮಾಡು."

ಅವರು ತಿರುಗಿ ಬರಲಿಲ್ಲ. ಜಗಲಿ ಕೊಟ್ಟದ್ದಕ್ಕೆ ನೀನು ನನ್ನ ಕಾಲು ಮುಟ್ಟಿದೆ. "ಏಳೇ ಮೇಲೆ, ಕಾಲು ಗೀಲು ಅಂತ!" ಎಂದು ಗದರಿದೆ. ಅದನ್ನು ನೀನು ನನ್ನ ದೊಡ್ಡತನ ಎಂದುಕೊಂಡೆ. ನಾನು ಅಂದುಕೊಳ್ಳಲು ಬಿಟ್ಟೆ.

ಈಗ ಹೊಸ ಪಟ್ಟಿ ಆಗುತ್ತಿದೆ. ನಿನ್ನ ಹೆಸರು ಇನ್ನೂ ಭಾವನ ಸಂಸಾರದಲ್ಲೇ ಸಿಕ್ಕಿಕೊಂಡಿದೆ. ಬಿಡಿಸಬೇಕಾದರೆ ಅವತ್ತು ಮಾಹಿತಿ ಕೊಟ್ಟವರು ತಪ್ಪಾಯಿತೆಂದು ಬರೆದುಕೊಡಬೇಕಂತೆ. ನಿನ್ನೆ ಹೋದೆ. ಪಂಚಾಯಿತಿಯ ಕಾರ್ಯದರ್ಶಿ ಹೆಂಗಸು ಒಳ್ಳೆಯವಳು.

"ಅಜ್ಜಿ, 'ಕಣ್ತಪ್ಪಿನಿಂದ' ಅಂತ ಬರೀತೀನಿ. ಎಲ್ರೂ ಹಂಗೇ ಬರ್ಸೋದು. ಗ್ರಾಮಸಭೇಲಿ ಓದ್ಬೇಕಲ್ಲ, ನಿಮ್ ಮರ್ಯಾದೆ ನೋಡ್ಬೇಕು."

ಕಣ್ತಪ್ಪು! ಕನ್ನಡಕವಿಲ್ಲದೆ ಆ ಹೊಗೆ ಕಂಡ ಕಣ್ಣು ಇದು.

"ಕಂಡೂ ಸುಳ್ಳು ಹೇಳಿದೆ ಅಂತ ಬರಿಯವ್ವ."

ಅವಳು ಹಾಗೆಯೇ ಬರೆದಳು. ಕೆಳಗೆ ನಾನು ಹೆಸರು ಹಾಕಿದೆ — ಅಕ್ಷರ ಸೊಟ್ಟ, ಹೆಸರು ಪೂರ್ತಿ.

ಗುರುವಾರ ಗ್ರಾಮಸಭೆ. ಅದನ್ನು ನಾನೇ ಎದ್ದು ಓದುತ್ತೇನೆ. ಊರಿನವರ ಎದುರು ಕೇಳುವ ಮೊದಲು ನೀನೊಬ್ಬಳೇ ತಿಳಿಯಲಿ ಎಂದು ಈ ಕಾಗದ. ಮನೆ ಬರುತ್ತದೋ ಇಲ್ಲವೋ — ಬರುತ್ತದೆ ಎನ್ನುವ ಬಾಯಿ ನನಗೆ ಉಳಿದಿಲ್ಲ. ಬೈಯಬೇಕು ಅನ್ನಿಸಿದರೆ ಜಗಲಿಗೇ ಬಾ, ಇರುತ್ತೇನೆ. ಕಾಲು ಮಾತ್ರ ಮುಟ್ಟಬೇಡ.