ಒಂದೇ ಕೇಂದ್ರದ ಲೆಕ್ಕ

ಧಾರವಾಡದ ಭೂಕಂಪಮಾಪನ ಕೇಂದ್ರದಲ್ಲಿ ಬೆಂಜಮಿನ್ ಇಪ್ಪತ್ತೆರಡು ವರ್ಷ ಒಂದೇ ಕೆಲಸ ಮಾಡಿದರು: ತಿರುಗುವ ಡ್ರಮ್ಮಿನ ಕಾಗದ ಬದಲಿಸುವುದು, ಸೂಜಿ ಎಳೆದ ಗೆರೆ ಓದುವುದು. ಲಾರಿ ಹೋದರೂ ಗೆರೆ ನಡುಗುತ್ತಿತ್ತು, ಕಲ್ಲಿನ ಕ್ವಾರಿಯಲ್ಲಿ ಮದ್ದು ಸಿಡಿಸಿದರೂ ನಡುಗುತ್ತಿತ್ತು. ಅದರಲ್ಲಿ ನಿಜವಾದ ಭೂಕಂಪ ಯಾವುದೆಂದು ಹೇಳಲು ಅವರ ಕಣ್ಣೇ ಬೇಕು. ಹೆಂಡತಿ ರಾಹೇಲ ಮಾತ್ರ, "ಇಷ್ಟ ವರ್ಷ ಗೆರಿ ನೋಡಿದ್ರಿ, ನನ್ನ ಮಾರಿ ಯಾವಾಗ ನೋಡತೀರಿ?" ಎಂದು ಕಾಡುತ್ತಿದ್ದಳು.

ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪದ ಮರುವರ್ಷ, ಮಳೆಗಾಲದಲ್ಲಿ, ಬೆಂಗೇರಿಯ ಗೌಂಡಿ ಗುಡ್ಡಪ್ಪ ಕೇಂದ್ರಕ್ಕೆ ಬಂದ. ಹಿಂದಿನ ಮಂಗಳವಾರ ಅವನೇ ಕಟ್ಟಿದ ಮನೆಗೋಡೆ ಬಿದ್ದು ಸೊಸೆ ದುರ್ಗಾ ಸತ್ತಿದ್ದಳು. ಮಗ ಕಲ್ಲೇಶ ಅಂದಿನಿಂದ ಅಪ್ಪನ ಜೊತೆ ಮಾತು ಬಿಟ್ಟಿದ್ದ.

"ಸಾಹೇಬ್ರ, ಮಂಗಳವಾರ ಹನ್ನೊಂದರ ಸುಮಾರಿಗೆ ಭೂಮಿ ನಡುಗಿತ್ತೇನ್ರಿ?"

ಬೆಂಜಮಿನ್ ಅಂದಿನ ಕಾಗದ ಹರಡಿದರು. ಸಣ್ಣದೊಂದು ನಡುಕ ಇತ್ತು. ಭೂಕಂಪದಿಂದ ಎರಡು ಬಗೆಯ ಅಲೆ ಹೊರಡುತ್ತವೆ. ಒಂದು ಓಡಿ ಬರುತ್ತದೆ, ಇನ್ನೊಂದು ಹಿಂದೆ ಬೀಳುತ್ತದೆ. ಇಲ್ಲಿ ಎರಡರ ನಡುವಿನ ಅಂತರ ಎರಡೂವರೆ ಸೆಕೆಂಡು. ಅಂತರದ ಒಂದೊಂದು ಸೆಕೆಂಡಿಗೆ ಎಂಟು ಕಿಲೋಮೀಟರ್ ದೂರ ಹಿಡಿದರೆ ಇಪ್ಪತ್ತು ಕಿಲೋಮೀಟರ್. ಆದರೆ ಯಾವ ದಿಕ್ಕಿಗೆ ಎಂದು ಆ ಗೆರೆ ಹೇಳುವುದಿಲ್ಲ. ಇನ್ನೆರಡು ಕೇಂದ್ರಗಳ ಲೆಕ್ಕ ಬಂದು, ಮೂರು ಕೇಂದ್ರಗಳ ಸುತ್ತ ಎಳೆದ ವೃತ್ತ ಒಂದೆಡೆ ಕೂಡಿದ ಮೇಲೆಯೇ ಜಾಗ ಗೊತ್ತಾಗುವುದು. ಇಷ್ಟೆಲ್ಲ ಬಲ್ಲ ಮನುಷ್ಯ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆಮೇಲೆ ನಿವೃತ್ತಿಯವರೆಗೂ ಹಾಗೆಯೇ ಇದ್ದರು; ಅಂದು ಮಾತ್ರ ಮುದುಕನ ಮುಖ ನೋಡಿ ತಡೆಯಲಾಗಲಿಲ್ಲ.

"ಇಪ್ಪತ್ತ ಕಿಲೋಮೀಟರ್ ದೂರದಾಗ ನಡುಗೇತ್ರಿ. ಬೆಂಗೇರಿನೂ ಅಷ್ಟ ದೂರ ಐತಿ."

ಹದಿನೆಂಟು ದಿನಕ್ಕೆ ಉಳಿದ ಲೆಕ್ಕ ಅಂಚೆಯಲ್ಲಿ ಬಂತು. ನಕ್ಷೆಯ ಮೇಲೆ ಕೈವಾರ ಇಟ್ಟು ವೃತ್ತ ಎಳೆದರು. ಮೂರೂ ಕೂಡಿದ್ದು ಧಾರವಾಡದ ಆಚೆಯ ಕಾಡಿನಲ್ಲಿ, ಬೆಂಗೇರಿಗೆ ತದ್ವಿರುದ್ಧ ದಿಕ್ಕಿಗೆ. ನಡುಕ ಎಷ್ಟು ಹೊತ್ತು ಉಳಿಯಿತೆಂದು ಅಳೆದು ಲೆಕ್ಕ ಹಾಕಿದರೆ ರಿಕ್ಟರ್ ಪ್ರಮಾಣ ಬರೀ ಎರಡು. ನಲವತ್ತು ಕಿಲೋಮೀಟರ್ ಆಚೆಯ ಬೆಂಗೇರಿಯಲ್ಲಿ ಅದು ಲೋಟದ ನೀರನ್ನೂ ಅಲುಗಿಸದು.

ಮರುದಿನವೇ ಬೆಂಜಮಿನ್ ಬೆಂಗೇರಿಗೆ ಹೋದರು. ಗುಡ್ಡಪ್ಪ ಕಟ್ಟೆಯ ಮೇಲೆ ಕೂತಿದ್ದ. ಒಳಗಿನಿಂದ ಕಲ್ಲೇಶನ ದನಿ: "ಅಪ್ಪಾ, ಯಾರ ಬಂದಾರ? ಚಾ ಆಗೇತಿ, ತರತೇನಿ."

ಬೆಂಜಮಿನ್‌ಗೆ ಅಲ್ಲಿಂದಲೇ ವಾಪಸು ಹೋಗಬೇಕೆನಿಸಿತು. ಹೋಗಲಿಲ್ಲ. ದನಿ ತಗ್ಗಿಸಿ, "ತಪ್ಪ ನಂದು, ಗುಡ್ಡಪ್ಪನವರ. ಅದು ಇಲ್ಲಿ ಆಗಿಲ್ರಿ" ಎಂದರು.

ಗುಡ್ಡಪ್ಪ ತಲೆ ಎತ್ತಲಿಲ್ಲ. "ನನಗ ಗೊತ್ತಿತ್ರಿ. ಪಾಯಾ ಆಳ ತೋಡಿರ್ಲಿಲ್ಲ. ಮಳಿ ಹಿಡಿಯೂದ್ರಾಗ ಮುಗಸಬೇಕಂತ ಅವಸರಾ ಮಾಡಿದೆ. ಆದ್ರ ನೀವು ಭೂಮಿ ನಡುಗೇತಿ ಅಂದ ಮ್ಯಾಲ ಹದಿನೆಂಟ ದಿನಾ ಮಗಾ ಅಪ್ಪಾ ಅಂತ ಕರದಾನ್ರಿ."

ಕಲ್ಲೇಶ ಎರಡು ಕಪ್ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ. ಒಂದನ್ನು ಬೆಂಜಮಿನ್‌ಗೆ ಕೊಟ್ಟ. ಇನ್ನೊಂದನ್ನು ಹಿಡಿದುಕೊಂಡೇ ಒಳಗೆ ಹೋದ.