ಮೂರು ಗಂಟೆಯ ಫೋಟೊ

ಹೋದ ವಾರ ರನ್ನ ಬೆಳಗಲಿಯಲ್ಲಿ ಒಂದು ಮದುವೆ. ಊಟ ಮುಗಿಸಿ ಕೂಡಲು ಕೆಂಪು ಪ್ಲಾಸ್ಟಿಕ್ ಖುರ್ಚಿ ಎಳೆದುಕೊಂಡೆ. ಅದರ ಬೆನ್ನಿಗೆ ಬಿಳಿ ಬಣ್ಣದಲ್ಲಿ ಬರೆದದ್ದು ಅರ್ಧ ಅಳಿಸಿಹೋಗಿತ್ತು. 'ಮುಧೋಳ' ಮಾತ್ರ ಓದಬಹುದಿತ್ತು. ಆ ವಕ್ರ ಅಕ್ಷರ ನನಗೆ ಗುರುತು. ಪೆಂಡಾಲ್ ಕಾಕಾನ ಖುರ್ಚಿ. ಅವರು ತೀರಿಕೊಂಡ ಮೇಲೆ ಸಾಮಾನೆಲ್ಲ ಯಾರೋ ಕೊಂಡರೆಂದು ಕೇಳಿದ್ದೆ...

ಕೆಲವು ವರ್ಷಗಳ ಹಿಂದೆ ನಾನು ಜಮಖಂಡಿಯಲ್ಲಿದ್ದು ಒಂದು ಆನ್‌ಲೈನ್ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಕಾಕಾ ಎಲ್ಲ ಪಕ್ಷಗಳ ಸಭೆಗೂ ಪೆಂಡಾಲ್ ಹಾಕುವವರು. ಎಷ್ಟು ಜನ ಬಂದಿದ್ದರೆಂದು ನಾನು ಕೇಳುತ್ತಿದ್ದದ್ದು ಅವರನ್ನೇ. ಸಭೆ ಮುಗಿದ ಮೇಲೆ ಅವರು ಸಾಲುಗಳ ನಡುವೆ ಅಡ್ಡಾಡಿ, ಕೆಳಗೆ ಬಿದ್ದ ಶೇಂಗಾ ಸಿಪ್ಪೆ ನೋಡುತ್ತಿದ್ದರು.

"ಸಿಪ್ಪಿ ಬಿದ್ದಲ್ಲಿ ಮಂದಿ ಕುಂತಿತ್ತು, ತಮ್ಮಾ. ಹಿಂದಿನ ಆರು ಸಾಲು ಖಾಲಿ," ಅನ್ನುತ್ತಿದ್ದರು.

ಅದರಲ್ಲಿ ಯಾವ ಪಕ್ಷದ ಮುಲಾಜೂ ಇರುತ್ತಿರಲಿಲ್ಲ. ನಮ್ಮ ಆಫೀಸಿಗೆ ಇತ್ತು. ಅಲ್ಲಿ ಒಂದು ಪಕ್ಷದವರು ಮಾತಾಡಿದರೆ 'ಗುಡುಗಿದರು', ಇನ್ನೊಂದು ಪಕ್ಷದವರು ಮಾತಾಡಿದರೆ 'ನಾಲಿಗೆ ಹರಿಬಿಟ್ಟರು'.

ಒಮ್ಮೆ ಆ ಇನ್ನೊಂದು ಪಕ್ಷದ ಸಭೆ ಮುಧೋಳದಲ್ಲಿ ಸಂಜೆ ಐದಕ್ಕೆ ಇತ್ತು. ಮೂರಕ್ಕೇ ಹೋಗಿ, ಕಾಕಾನ ಕೇಳಿ ವೇದಿಕೆ ಹತ್ತಿ, ಸಾಲು ಖುರ್ಚಿಗಳ ಫೋಟೊ ತೆಗೆದು 'ಸಿದ್ಧತೆ' ಎಂದು ಕಳಿಸಿದೆ. ಸಂಜೆ ನಮ್ಮವರು ಅದನ್ನೇ 'ಖಾಲಿ ಖುರ್ಚಿಗಳಿಗೆ ಭಾಷಣ' ಎಂದು ಹಾಕಿದರು. ಆ ಪಕ್ಷದ ಪರವಾದ ಮತ್ತೊಂದು ಆನ್‌ಲೈನ್ ಪತ್ರಿಕೆ ಮುಂದಿನ ಸಾಲುಗಳನ್ನಷ್ಟೇ ತೋರಿಸಿ 'ಜನಸಾಗರ' ಅಂದಿತು. ಖರೆ ಅಂದರೆ ಮೈದಾನ ಮುಕ್ಕಾಲು ತುಂಬಿತ್ತು. ಸಿಪ್ಪೆ ನಾನೂ ನೋಡಿದ್ದೆ.

ಮರುದಿನ ಕಾಕಾ ಫೋನ್ ಮಾಡಿದರು. ನನ್ನನ್ನು ವೇದಿಕೆ ಹತ್ತಿಸಿದ್ದು ಅವರೇ ಎಂದು ಪಕ್ಷದವರು ಮುಂದಿನ ಸಭೆಗಳ ಕೆಲಸ ಬೇರೆಯವರಿಗೆ ಕೊಟ್ಟಿದ್ದರು.

"ಬೈಯಾಕ ಫೋನ್ ಮಾಡಿಲ್ಲ ತಮ್ಮಾ. ಮೂರು ಗಂಟೇಕ ತಗದ ಫೋಟೊ ಅಂತ ಒಂದ ಸಾಲು ಹಾಕು. ಅಷ್ಟ ಸಾಕು."

ಆಫೀಸಿಗೆ ಹೇಳಿದೆ. ಸುದ್ದಿ ಚೆನ್ನಾಗಿ ಓಡುತ್ತಿದೆ, ಮುಟ್ಟಬೇಡ ಅಂದರು. ಕೆಲಸ ಹೋದೀತೆಂದು ಬಾಯಿ ಮುಚ್ಚಿಕೊಂಡೆ. ಹೇಡಿತನ ಅಂದರೂ ನಡೆಯುತ್ತದೆ. ಆ ಪಕ್ಷದವರು ಮತ್ತೆ ಕಾಕಾನ ಕರೆಯಲಿಲ್ಲ. ಬೇರೆ ಸಭೆಗಳಲ್ಲಿ ಸಿಕ್ಕಾಗ ಅವರು ಮೊದಲಿನಂತೆಯೇ ಖುರ್ಚಿ ಒರೆಸಿ ನನಗೆ ಹಾಕುತ್ತಿದ್ದರು. ಎಷ್ಟು ಜನ ಬಂದಿದ್ದರೆಂದು ಕೇಳಲು ನನಗೇ ಬಾಯಿ ಬರುತ್ತಿರಲಿಲ್ಲ...

ಮದುವೆಯ ಗದ್ದಲದಲ್ಲೇ ಫೋನ್ ತೆಗೆದು ಹುಡುಕಿದೆ. ಸುದ್ದಿ ಈಗಲೂ ಅಲ್ಲೇ ಇದೆ, ತಲೆಬರಹವೂ ಅದೇ. ನಾನು ಆ ಪತ್ರಿಕೆ ಬಿಟ್ಟು ವರ್ಷಗಳಾದವು, ಅದನ್ನು ತಿದ್ದುವುದು ಈಗ ನನ್ನ ಕೈಯಲ್ಲಿಲ್ಲ. ಕಾಕಾನೂ ಇಲ್ಲ. ತಡವಾಯಿತು, ಗೊತ್ತು. ಅವರು ಕೇಳಿದ ಸಾಲನ್ನು ಇಲ್ಲಾದರೂ ಬರೆಯುತ್ತೇನೆ: ಆ ಫೋಟೊ ಮಧ್ಯಾಹ್ನ ಮೂರು ಗಂಟೆಗೆ ತೆಗೆದದ್ದು. ಸಭೆ ಶುರುವಾದದ್ದು ಐದಕ್ಕೆ.